ಒಂದು ತಾರೀಖು, ಹಲವು ಹೆಸರು

ಕತ್ತಿ ತೋರಿಸಿದರೆ ಅವರು ಹಿಡಿಯನ್ನು ಬಿಟ್ಟು ಅಲಗನ್ನೇ ಹಿಡಿದು ಕೈ ಕೊಯ್ದುಕೊಂಡರು. 1492ರ ಅಕ್ಟೋಬರ್ 12ರಂದು ಬಹಾಮಾದ ಒಂದು ದ್ವೀಪದ ದಡದಲ್ಲಿ ನಡೆದ ಈ ಸಂಗತಿಯನ್ನು ಕೊಲಂಬಸ್ ತನ್ನ ದಿನಚರಿಯಲ್ಲಿ ಬರೆದಿಟ್ಟ. ಕಬ್ಬಿಣದ ಪರಿಚಯವಿಲ್ಲದ ಆ ಜನ ಟೈನೋ ಬಳಗದ ಲುಕಾಯನ್ನರು. ತಮ್ಮ ದ್ವೀಪವನ್ನು ಅವರು ಗ್ವಾನಹಾನಿ ಎನ್ನುತ್ತಿದ್ದರು. ಬಂದವನು ಸ್ಯಾನ್ ಸಾಲ್ವಡಾರ್ ಎಂದು ಹೊಸ ಹೆಸರಿಟ್ಟ. ಹಡಗಿನವರು ಕೆಂಪು ಟೊಪ್ಪಿಗೆ, ಗಾಜಿನ ಮಣಿ ಕೊಟ್ಟರು. ದಡದವರು ಗಿಳಿಗಳನ್ನೂ ಹತ್ತಿನೂಲಿನ ಉಂಡೆಗಳನ್ನೂ ತಂದರು. ಆ ದಿನಚರಿಯ ಮೂಲ ಕಳೆದುಹೋಗಿದೆ. ಬಾರ್ತೊಲೊಮೆ ದೆ ಲಾಸ್ ಕಾಸಾಸ್ ಎಂಬ ಪಾದ್ರಿ ಸಂಗ್ರಹಿಸಿ ಬರೆದುಕೊಂಡ ಪ್ರತಿಯಷ್ಟೇ ನಮಗೆ ಸಿಕ್ಕಿರುವುದು. ದಡದಲ್ಲಿ ನಿಂತಿದ್ದವರು ಏನಂದುಕೊಂಡರೋ, ಅದರ ಒಂದಕ್ಷರವೂ ಉಳಿದಿಲ್ಲ.

ಹಡಗಿನಲ್ಲಿ ದುಭಾಷಿಯೊಬ್ಬನೂ ಇದ್ದ: ಲೂಯಿಸ್ ದೆ ಟೊರೆಸ್. ಅವನಿಗೆ ಹೀಬ್ರೂ, ಅರಾಮಿಕ್, ತಕ್ಕಮಟ್ಟಿಗೆ ಅರಬ್ಬಿ ಬರುತ್ತಿದ್ದವು. ಏಷ್ಯಾಕ್ಕೆ ಹೊರಟವರಿಗೆ ಇಷ್ಟು ಸಾಕೆಂಬ ಲೆಕ್ಕ! ಮೂರೂ ಅಲ್ಲಿ ಕೆಲಸಕ್ಕೆ ಬರಲಿಲ್ಲ. ಎರಡೇ ದಿನಕ್ಕೆ ಕೊಲಂಬಸ್ ಏಳು ಮಂದಿ ದ್ವೀಪವಾಸಿಗಳನ್ನು ಹಿಡಿದು ಹಡಗು ಹತ್ತಿಸಿದ, ಸ್ಪ್ಯಾನಿಷ್ ಕಲಿಸಿ ತನ್ನ ದುಭಾಷಿಗಳನ್ನಾಗಿ ಮಾಡಿಕೊಳ್ಳಲು. ಮುಂದಿನ ಮೂವತ್ತು ವರ್ಷಗಳಲ್ಲಿ ಬಹಾಮಾದ ದ್ವೀಪಗಳು ಹೆಚ್ಚುಕಡಿಮೆ ಬರಿದಾದವು. ರೋಗಕ್ಕೆ ಸಿಕ್ಕಿ ಸತ್ತವರನ್ನು ಬಿಟ್ಟು ಉಳಿದವರನ್ನು ಗುಲಾಮರಾಗಿ ಗಣಿಗಳಿಗೆ, ಮುತ್ತು ಹೆಕ್ಕುವ ಕಡಲಿಗೆ ಸಾಗಿಸಲಾಯಿತು.

ಇಂಥ ದಿನಕ್ಕೆ ರಜೆ ಕೊಡುವಾಗ ಅದನ್ನು ಏನೆಂದು ಕರೆಯುವುದು? ಸ್ಪೇನಿಗೆ ಅದು ರಾಷ್ಟ್ರೀಯ ದಿನ. ಮ್ಯಾಡ್ರಿಡ್ಡಿನಲ್ಲಿ ಸೇನೆಯ ಪಥಸಂಚಲನ. ಲ್ಯಾಟಿನ್ ಅಮೆರಿಕದ ಬಹುಪಾಲು ದೇಶಗಳು ಬಹುಕಾಲ 'ಜನಾಂಗದ ದಿನ' ಎಂದವು. ವೆನೆಜುವೆಲಾ 2002ರಲ್ಲಿ ಅದನ್ನು 'ಮೂಲನಿವಾಸಿಗಳ ಪ್ರತಿರೋಧದ ದಿನ' ಮಾಡಿತು. 2010ರಲ್ಲಿ ಅರ್ಜೆಂಟೀನಾ ಸಾಂಸ್ಕೃತಿಕ ವೈವಿಧ್ಯವನ್ನು ಗೌರವಿಸುವ ದಿನವೆಂದು ಬದಲಿಸಿತು. ಕತ್ತಿಯ ಅಲಗು ಕೈ ಕೊಯ್ದ ಬಹಾಮಾದಲ್ಲಂತೂ 'ಶೋಧದ ದಿನ' ಹೋಗಿ 2013ರಿಂದ 'ರಾಷ್ಟ್ರವೀರರ ದಿನ' ಬಂದಿದೆ. ಚಿಲಿಯದು 'ಎರಡು ಲೋಕಗಳ ಭೇಟಿಯ ದಿನ'. ಕೇಳಲು ಹಿತವಾದ ಈ ಹೆಸರೇ ಎಲ್ಲಕ್ಕಿಂತ ಜಾರುವಂಥದ್ದು. ಭೇಟಿ ಎಂದರೆ ಇಬ್ಬರೂ ಮನಸ್ಸು ಮಾಡಿ ಬಂದಿರಬೇಕು. ಇಲ್ಲಿ ಒಬ್ಬರು ತಮ್ಮ ಪಾಡಿಗೆ ತಮ್ಮ ಮನೆಯಲ್ಲಿದ್ದರು.

ಅಮೆರಿಕ ಸಂಯುಕ್ತ ಸಂಸ್ಥಾನದ ಕತೆಗೆ ಇನ್ನೊಂದು ಮಡಿಕೆಯಿದೆ. 1891ರಲ್ಲಿ ನ್ಯೂ ಆರ್ಲಿಯನ್ಸಿನ ಜೈಲಿಗೆ ನುಗ್ಗಿದ ಗುಂಪು 11 ಇಟಾಲಿಯನ್ನರನ್ನು ಕೊಂದಿತು. ಮರುವರ್ಷ ಅಧ್ಯಕ್ಷ ಬೆಂಜಮಿನ್ ಹ್ಯಾರಿಸನ್ ಕೊಲಂಬಸ್ ಬಂದ 400ನೇ ವರ್ಷದ ಆಚರಣೆಗೆ ಕರೆ ಕೊಟ್ಟರು. ಪಂಚಾಂಗದ ಲೆಕ್ಕ ಸರಿಪಡಿಸಿ ಅಕ್ಟೋಬರ್ 21ಕ್ಕೆ! ಆ ಕೊಲೆಗಳ ಗಾಯವನ್ನು ಮಾಯಿಸುವ ಉದ್ದೇಶವೂ ಅದಕ್ಕಿತ್ತೆಂದು ಹಲವು ಇತಿಹಾಸಕಾರರು ಹೇಳುತ್ತಾರೆ. ಹೊಲಸು ಜನ ಎನ್ನಿಸಿಕೊಂಡಿದ್ದ ವಲಸಿಗರಿಗೆ, ಈ ದೇಶದ ಕತೆ ನಮ್ಮವನಿಂದಲೇ ಶುರುವಾಯಿತು ಎನ್ನಲು ಇಟಲಿಯ ಜಿನೋವಾದ ಈ ನಾವಿಕ ಒದಗಿದ. 1992ರಲ್ಲಿ ಬರ್ಕ್ಲಿ ನಗರ ಅಕ್ಟೋಬರ್ 12ನ್ನೇ ಮೂಲನಿವಾಸಿಗಳಿಗೆ ಮೀಸಲಿಟ್ಟಿತು. ಇಂದು ಕೊಲಂಬಸ್ಸನ ಪ್ರತಿಮೆ ಇಳಿಸಿ ಎನ್ನುವವರ ಎದುರು ಬೇಡ ಎನ್ನುವವರಲ್ಲಿ ಆ ವಲಸಿಗರ ಮೊಮ್ಮಕ್ಕಳೂ ಇದ್ದಾರೆ. ಅವರನ್ನು ಬರೀ ಸೊಕ್ಕಿನವರೆಂದು ತಳ್ಳಿಹಾಕುವುದು ಸೋಮಾರಿತನ.

ಆ 400ನೇ ವರ್ಷದ ನೆನಪಿಗೇ 1893ರಲ್ಲಿ ಷಿಕಾಗೋದಲ್ಲಿ ಮಹಾಮೇಳ ನಡೆಯಿತು. ಹಿಂದಿನ ವರ್ಷ ಮೈಸೂರಿನಲ್ಲಿ ಚಾಮರಾಜೇಂದ್ರ ಒಡೆಯರ ಅತಿಥಿಯಾಗಿದ್ದ ವಿವೇಕಾನಂದರು ಮಾತಾಡಿದ ಸರ್ವಧರ್ಮ ಸಮ್ಮೇಳನ ಸೇರಿದ್ದು ಆ ಮೇಳದ ಅಂಗವಾಗಿ. ನಮ್ಮ ಶಾಲೆಗಳಲ್ಲಿ ಆ ಭಾಷಣ ಬಾಯಿಪಾಠ. ಚಪ್ಪರ ಯಾರ ಹೆಸರಿನದೆಂಬುದು ಮರೆತುಹೋಗಿದೆ.

ತಪ್ಪು ಹೆಸರುಗಳ ಪಾಲು ನಮಗೂ ಬಂದಿದೆ. ಕಾಳುಮೆಣಸು ಹುಡುಕಿ ಹೊರಟ ಕೊಲಂಬಸ್ಸಿಗೆ ಸಿಕ್ಕಿದ್ದು ಟೈನೋಗಳ 'ಅಹೀ'. ಇದು ಇವರ ಮೆಣಸು, ನಮ್ಮದಕ್ಕಿಂತ ಮೇಲು ಎಂದು ಬರೆದುಕೊಂಡ. ಸ್ಪ್ಯಾನಿಷಿನಲ್ಲಿ ಕಾಳುಮೆಣಸು ಪಿಮಿಯೆಂತಾ, ಈ ಹೊಸದು ಪಿಮಿಯೆಂತೋ ಆಯಿತು. ಪೋರ್ಚುಗೀಸರ ಹಡಗಿನಲ್ಲಿ ಅದು ನಮ್ಮ ಕರಾವಳಿಗೆ ಬಂದಾಗ ಕನ್ನಡಿಗರು ಮಾಡಿದ್ದೂ ಅದನ್ನೇ: ಮೆಣಸಿಗೆ ಕಾಯಿ ಹಚ್ಚಿ ಮೆಣಸಿನಕಾಯಿ ಎಂದರು. ಮೆಕ್ಸಿಕೋ ಕಡೆಯ ಇನ್ನೊಂದು ಹಣ್ಣಿಗೆ, ಬೆಳೆದವರ ಗುರುತು ಸಿಗದೆ, ತಂದುಕೊಟ್ಟ ಪರಂಗಿಯವರ ಹೆಸರನ್ನೇ ಇಟ್ಟುಬಿಟ್ಟರು.