ಪದವಿಚಾರ: ‘ಪೆಪ್’

ಕಲಬುರಗಿಯ ಮಗ್ಗುಲಿನ ತಾಜಸುಲ್ತಾನಪುರದ ಹೆಸರಿನಲ್ಲಿ ಪಾರಸಿಯ ‘ತಾಜ’, ಅರಬಿಯ ‘ಸುಲ್ತಾನ’, ಸಂಸ್ಕೃತದ ‘ಪುರ’ ಮೂರೂ ಕೂಡಿ ಬಾಳುತ್ತಿವೆ. 1347ರಲ್ಲಿ ಬಹಮನಿ ಅರಸರು ರಾಜಧಾನಿ ಮಾಡಿಕೊಂಡ ಸೀಮೆಗೆ ಇದು ಸಹಜವೇ ಸರಿ. ಇಂತಹ ಊರುಗಳ ಮಕ್ಕಳ ಬಾಯಲ್ಲಿ ಈಗ ‘ಪೆಪ್’ ಎಂಬ ಇಂಗ್ಲಿಷ್ ಶಬ್ದವೂ ಕೇಳಿಬಂದರೆ ಆಶ್ಚರ್ಯವಿಲ್ಲ. ಆಟಕ್ಕಿಳಿಯುವವರನ್ನು ಹುರಿದುಂಬಿಸುವ ಮಾತಿಗೆ ‘ಪೆಪ್ ಟಾಕ್’ ಎನ್ನುವರಷ್ಟೆ. ಪರಕೀಯವೆಂದು ಹಿರಿಯರು ಮುಖ ಸಿಂಡರಿಸುವುದೂ ಉಂಟು.

ಇದರ ಕುಲವನ್ನು ವಿಚಾರಿಸಿದರೆ ಬೇರೆಯೇ ಸಂಗತಿ ತಿಳಿಯುವುದು. ‘ಪೆಪ್’ ಎಂಬುದು ‘ಪೆಪ್ಪರ್’ ಎಂಬುದರ ಮೊಟಕು. 20ನೆಯ ಶತಮಾನದ ಆದಿಯಲ್ಲಿ ಅಮೆರಿಕದವರು ಇದಕ್ಕೆ ಲವಲವಿಕೆಯ ಅರ್ಥವನ್ನು ಕೊಟ್ಟರು. ಪೆಪ್ಪರ್ ಬಂದುದು ಲ್ಯಾಟಿನಿನ ‘ಪಿಪೆರ್’ನಿಂದ, ಅದು ಗ್ರೀಕರ ‘ಪೆಪೆರಿ’ಯಿಂದ, ಅದರ ತಾಯಿಬೇರು ಸಂಸ್ಕೃತದ ‘ಪಿಪ್ಪಲಿ’. ‘ಪಾಲು’ ಹಾಲಾದಂತೆ ಪಿಪ್ಪಲಿಯು ಕನ್ನಡದಲ್ಲಿ ಹಿಪ್ಪಲಿಯಾಯಿತು. ಕೆಮ್ಮಿದ ಮಗುವಿಗೆ ಅಜ್ಜಿಯು ಶುಂಠಿ ಮೆಣಸುಗಳೊಡನೆ ಕುಟ್ಟಿ ಜೇನಿನಲ್ಲಿ ನೆಕ್ಕಿಸುವ ಹಿಪ್ಪಲಿಯೇ ಅದು! ಈ ಉದ್ದನೆಯ ಹಿಪ್ಪಲಿಯ ಹೆಸರೇ ಪಶ್ಚಿಮದಲ್ಲಿ ದುಂಡು ಮೆಣಸಿಗೂ ಅಂಟಿಕೊಂಡಿತು.

ಹಾಗೆಂದು ‘ಪೆಪ್’ ಅನ್ನೇ ಬಳಸಿರೆಂದು ಹೇಳೆನು. ಕೆಲಸಗಾರನ ಕೈಗೂ ಬೇಸಗೆಯ ಬಿಸಿಲಿಗೂ ಸಲ್ಲುವ ‘ಚುರುಕು’ ನಮ್ಮಲ್ಲಿಯೇ ಇದೆ. ಪಾರಸಿಯಿಂದ ಬಂದ ‘ಜೋಶ್’ ಎಂಬುದಕ್ಕೂ ಮೂಲಾರ್ಥ ಕುದಿತವೆಂದೇ. ಆದರೆ ಲವಲವಿಕೆಗೆ ಈ ಕಾವಿನ ಹಂಗಿಲ್ಲ. ಜ್ವರ ಬಿಟ್ಟ ಕೂಸು ಹಾಸಿಗೆಯಲ್ಲಿ ಎದ್ದು ಕುಳಿತು ಆಟಿಕೆಗೆ ಕೈಚಾಚಿದಾಗ ತಾಯಿ ಕಾಣುವುದು ಲವಲವಿಕೆಯನ್ನು. ಅಲ್ಲಿ ‘ಪೆಪ್’ ಎಂದರೆ ಒಪ್ಪದು.