ವಾರದ ಉಳಿದ ಆರು ದಿನಗಳು

ಭಾನುವಾರ ಬೆಳಿಗ್ಗೆ ಶುಭ್ರವಸ್ತ್ರವನ್ನುಟ್ಟು ದೇವಾಲಯಕ್ಕೆ ಹೋಗಿ, ಕೀರ್ತನೆಗಳನ್ನು ಹಾಡಿ, ಪ್ರಸಂಗವನ್ನಾಲಿಸಿ, ಕೈಲಾದ ಕಾಣಿಕೆಯನ್ನು ಹಾಕಿ ಹಿಂದಿರುಗುವುದು ಕ್ರೈಸ್ತನಿಗೆ ಕಷ್ಟಸಾಧ್ಯವಾದ ಕಾರ್ಯವೇನೂ ಅಲ್ಲ. ಅಲ್ಲಿ ಸಮುದಾಯದ ಸಂಗವಿರುತ್ತದೆ, ನೆರೆಯವರ ಕಣ್ಣೂ ಇರುತ್ತದೆ. ಇವೆರಡೂ ಇಲ್ಲದ ಸೋಮವಾರದ ಮಧ್ಯಾಹ್ನದಲ್ಲಿ, ಲೆಕ್ಕದ ಪುಸ್ತಕದ ಮುಂದೆಯೋ ಅಡಿಗೆಯ ಒಲೆಯ ಎದುರೋ ಕುಳಿತಿರುವಾಗ, ಆತನ ಧರ್ಮವು ಎಲ್ಲಿರುತ್ತದೆಂಬುದೇ ವಿಚಾರಾರ್ಹವಾದ ಸಂಗತಿ.

ಅಪೊಸ್ತಲ ಪೌಲನು ಕೊರಿಂಥ ಪಟ್ಟಣದಲ್ಲಿ ಅಕ್ವಿಲ, ಪ್ರಿಸ್ಕಿಲ್ಲ ಎಂಬ ದಂಪತಿಗಳೊಡನೆ ವಾಸಮಾಡಿ, ಅವರಂತೆಯೇ ಗುಡಾರ ಮಾಡುವ ಕಸಬಿನಿಂದ ಜೀವಿಸಿದನು. ಬೋಧಕನು ಬೋಧನೆಯಿಂದಲೇ ಜೀವಿಸಬಹುದೆಂದು ವಾದಿಸಿದವನು ತಾನೇ ಆಗಿದ್ದರೂ ಆ ಹಕ್ಕನ್ನು ಕೊರಿಂಥದವರಲ್ಲಿ ಚಲಾಯಿಸಲಿಲ್ಲ. ಹದಿನೇಳನೆಯ ಶತಮಾನದ ಪ್ಯಾರಿಸ್ಸಿನ ಕಾರ್ಮೆಲ್ ಮಠದಲ್ಲಿ ಬ್ರದರ್ ಲಾರೆನ್ಸ್ ಎಂಬೊಬ್ಬ ಸಾಮಾನ್ಯ ಸಹೋದರನಿದ್ದನು. ಸೈನಿಕನಾಗಿದ್ದು ಯುದ್ಧದಲ್ಲಿ ಗಾಯಗೊಂಡು ಮಠವನ್ನು ಸೇರಿದ ಈತನಿಗೆ ಸ್ವಭಾವತಃ ಹಿಡಿಸದಿದ್ದ ಅಡಿಗೆಮನೆಯ ಕೆಲಸವೇ ಪಾಲಿಗೆ ಬಂದಿತು. ಅದನ್ನೇ ವರ್ಷಾನುಗಟ್ಟಲೆ ಮಾಡುತ್ತ ಪ್ರಾರ್ಥನೆಯ ಹೊತ್ತಿಗೂ ಪಾತ್ರೆಗಳ ಗದ್ದಲದ ಹೊತ್ತಿಗೂ ಅಂತರವಿಲ್ಲವೆಂಬ ನಿಲುವಿಗೆ ಆತನು ಬಂದನು. 1691ರಲ್ಲಿ ಆತನು ತೀರಿಕೊಂಡ ತರುವಾಯ ಆತನ ಪತ್ರಗಳನ್ನೂ ಸಂಭಾಷಣೆಗಳನ್ನೂ ಪುಸ್ತಕವಾಗಿ ಪ್ರಕಟಿಸಿದರು.

ಇಂತಹ ನಿದರ್ಶನಗಳನ್ನರಸಿ ಕನ್ನಡಿಗರು ದೂರದೇಶಕ್ಕೆ ಹೋಗಬೇಕಾಗಿಲ್ಲ. 1834ರಲ್ಲಿ ಮಂಗಳೂರಿನಲ್ಲಿ ಕೆಲಸವನ್ನಾರಂಭಿಸಿದ ಬಾಸೆಲ್ ಮಿಶನ್ನಿನವರಲ್ಲಿ ಅನೇಕರು ದಕ್ಷಿಣ ಜರ್ಮನಿಯ ವುರ್ಟೆಂಬರ್ಗ್ ಸೀಮೆಯ ರೈತರ, ಕುಶಲಕರ್ಮಿಗಳ ಮನೆತನದವರು. ದುಡಿಮೆಯನ್ನು ಭಕ್ತಿಯ ಅಂಗವೆಂದೇ ಬಗೆದ ಪಂಥದವರು. ತುಳುನಾಡಿನಲ್ಲಿ ಅವರ ಬೋಧನೆಗೆ ಒಲಿದವರ ಪೈಕಿ ಬಿಲ್ಲವರು ಬಹಳವಾಗಿದ್ದರು. ಕಳ್ಳು ಇಳಿಸುವ ಮೂರ್ತೆಯ ಕಸಬು ಹೊಸ ಮತಕ್ಕೆ ಒಗ್ಗದೆಂದು ಪಾದ್ರಿಗಳು ಭಾವಿಸಿದ್ದರಿಂದ, ಮತವನ್ನು ಸ್ವೀಕರಿಸಿದವನು ಕಸಬನ್ನು ಬಿಡಬೇಕಾಗುತ್ತಿತ್ತು. ಕಸಬಿನೊಡನೆ ನೆಂಟರ ಆಸರೆಯೂ, ಎಷ್ಟೋ ವೇಳೆ ಕಾಲೂರಿದ್ದ ನೆಲವೂ ತಪ್ಪಿಹೋಗುತ್ತಿದ್ದವು. ಹಸಿದವನಿಗೆ ಬರಿಯ ಪ್ರಸಂಗವನ್ನು ನೀಡಿ ಕಳುಹಿಸುವುದು ಧರ್ಮವಲ್ಲವೆಂಬ ವಿವೇಕ ಮಿಶನ್ನಿನವರಿಗೆ ಮೂಡಿದುದರ ಫಲವಾಗಿ ಮುದ್ರಣಾಲಯ, ಮಗ್ಗದ ಶಾಲೆಗಳು ಹುಟ್ಟಿಕೊಂಡವು; 1865ರಲ್ಲಿ ಜಾರ್ಜ್ ಪ್ಲೆಬ್ಸ್ಟ್ ಎಂಬಾತನ ಪ್ರಯತ್ನದಿಂದ ಮಂಗಳೂರಿನ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆಯು ತಲೆಯೆತ್ತಿತು. ಹೆಂಚಿನ ಕೆಲಸದಲ್ಲಿ ವಂಚನೆಗೆ ಹೆಚ್ಚು ಎಡೆಯಿಲ್ಲವೆಂಬುದನ್ನು ಕರಾವಳಿಯ ಮನೆವಂದಿಗರೆಲ್ಲರೂ ಬಲ್ಲರು: ಆವೆಮಣ್ಣನ್ನು ಸರಿಯಾಗಿ ಹದಗೊಳಿಸದೆ, ಸಾಕಷ್ಟು ಆರಿಸದೆ ಸುಟ್ಟ ಹೆಂಚು ಎಳೆಯಷ್ಟು ಸೊಟ್ಟಗಾದರೂ ಪಕ್ಕದ ಹೆಂಚಿನೊಡನೆ ಅಂಚು ಕೂಡಿಕೊಳ್ಳದು, ಮಾಡಿದವನ ಉದಾಸೀನವು ಜೂನ್ ತಿಂಗಳ ಮಳೆಯಲ್ಲಿ ಮತ್ತೊಬ್ಬನ ತೊಟ್ಟಿಲಿನ ಮೇಲೆ ತೊಟ್ಟಿಕ್ಕುವುದು. ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಬ್ರಿಟಿಷ್ ಸರಕಾರವು ಈ ಕಾರ್ಖಾನೆಗಳನ್ನು ಶತ್ರುಸ್ವತ್ತೆಂದು ವಶಪಡಿಸಿಕೊಂಡಿತಾದರೂ ಮಂಗಳೂರು ಹೆಂಚಿನ ಹೆಸರು ಕೆಡಲಿಲ್ಲ.

ಅದೇ ಮಿಶನ್ನಿನ ಫರ್ಡಿನೆಂಡ್ ಕಿಟೆಲ್ಲರು 1853ರಲ್ಲಿ ಈ ನಾಡಿಗೆ ಬಂದು, ದಶಕಗಳ ದುಡಿಮೆಯ ಕಡೆಗೆ 1894ರಲ್ಲಿ ಕನ್ನಡ ಇಂಗ್ಲಿಷ್ ನಿಘಂಟನ್ನು ಹೊರತಂದ ವೃತ್ತಾಂತವು ಎಲ್ಲರಿಗೂ ಪರಿಚಿತವೇ. ತಮ್ಮ ಮತಕ್ಕೆ ಸೇರದ ಕವಿಗಳ ಪ್ರಯೋಗಗಳನ್ನೂ ಹಳ್ಳಿಯ ಗಾದೆಗಳನ್ನೂ ಅವರು ಒಂದೇ ಪ್ರಾಮಾಣಿಕತೆಯಿಂದ ಆಯ್ದು ಇಟ್ಟರು. ಹಳಗನ್ನಡದ ವೈಯಾಕರಣ ಕೇಶಿರಾಜನ ಸೂತ್ರವನ್ನು ತಪ್ಪಿಲ್ಲದೆ ಅಚ್ಚುಮಾಡುವುದೂ ತನ್ನ ದೇವರ ಸೇವೆಯೇ ಎಂದು ನಂಬದವನಿಂದ ಈ ಕಾರ್ಯ ಆಗುತ್ತಿರಲಿಲ್ಲವೆಂದು ನನ್ನ ಎಣಿಕೆ; ಮತಪ್ರಚಾರದ ಎಷ್ಟೋ ಕರಪತ್ರಗಳಿಗಿಂತ ಈ ಗ್ರಂಥವೇ ಆ ಮತದ ವಿಷಯದಲ್ಲಿ ಕನ್ನಡಿಗರಿಗೆ ಆದರವನ್ನುಂಟುಮಾಡಿತು.

ಇಷ್ಟು ಹೊಗಳಿದ ಮೇಲೆ ಇನ್ನೊಂದು ಮುಖವನ್ನೂ ನೋಡತಕ್ಕದ್ದು. ಜೆಪ್ಪುವಿನ ಕೆಲಸಗಾರನಿಗೆ ಮಿಶನ್ನೇ ಪಾದ್ರಿ, ಮಿಶನ್ನೇ ಧಣಿ, ಬಹಳ ಮಂದಿಗೆ ಮನೆಯ ಒಡೆಯನೂ ಅದೇ. ಶ್ರದ್ಧೆಯಿಂದ ದುಡಿಯೆಂದು ಉಪದೇಶಿಸುವವನೇ ದುಡಿಮೆಯ ಲಾಭವನ್ನೂ ಎಣಿಸಿಕೊಳ್ಳುವವನಾದಾಗ, ತಡವಾಗಿ ಬಂದವನ ತಪ್ಪು ಪಾಪವೆನಿಸಿಕೊಳ್ಳುವ ಅಪಾಯವುಂಟು. ಕೂಲಿ ಸಾಲದೆಂಬ ಮಾತು ಕೃತಘ್ನತೆಯಂತೆ ಕೇಳಿಸುವ ಅಪಾಯವೂ ಉಂಟು. ಆ ಪಾದ್ರಿಗಳ ಸದ್ಭಾವನೆಯನ್ನು ನಾನು ಶಂಕಿಸುತ್ತಿಲ್ಲ. ಆದರೆ ಕರ್ತವ್ಯದ ಬೋಧನೆಯು ಕೆಳಗಿನವನ ಕಡೆಗೆ ಇಳಿಯುವಷ್ಟು ಸುಲಭವಾಗಿ ಮೇಲಿನವನ ಕಡೆಗೆ ಏರುವುದಿಲ್ಲ.

ಇದಕ್ಕೊಂದು ವಿನೋದಕರವಾದ ಸಾಕ್ಷ್ಯವು ಬೈಬಲ್ಲಿನ ವಿನ್ಯಾಸದಲ್ಲಿಯೇ ಇದೆ. ಕೊಲೊಸ್ಸೆಯವರಿಗೆ ಬರೆದ ಪತ್ರಿಕೆಯಲ್ಲಿ, ಸೇವಕರು ಮನುಷ್ಯರನ್ನು ಮೆಚ್ಚಿಸಲೆಂದಲ್ಲದೆ ಕರ್ತನಿಗೋಸ್ಕರವೇ ಎಂಬಂತೆ ಮನಃಪೂರ್ವಕವಾಗಿ ದುಡಿಯಬೇಕೆಂಬ ಬುದ್ಧಿವಾದವು ಮೂರನೆಯ ಅಧ್ಯಾಯದ ತುದಿಯಲ್ಲಿ ಬರುತ್ತದೆ. ಯಜಮಾನರು ಸೇವಕರಿಗೆ ನ್ಯಾಯವಾದುದನ್ನು ಸಲ್ಲಿಸಬೇಕು, ಅವರಿಗೂ ಪರಲೋಕದಲ್ಲಿ ಒಬ್ಬ ಯಜಮಾನನಿದ್ದಾನೆ ಎಂಬ ಮಾತು ಅದರ ಬೆನ್ನಿಗೇ ಇದೆಯಾದರೂ ಅದು ನಾಲ್ಕನೆಯ ಅಧ್ಯಾಯದ ಮೊದಲ ವಾಕ್ಯವಾಗಿಬಿಟ್ಟಿದೆ. ಅಧ್ಯಾಯಗಳ ಈ ವಿಂಗಡಣೆ ಪೌಲನದಲ್ಲ. ಹದಿಮೂರನೆಯ ಶತಮಾನದವನಾದ ಸ್ಟೀಫನ್ ಲ್ಯಾಂಗ್ಟನ್ ಎಂಬ ಇಂಗ್ಲೆಂಡಿನ ಆರ್ಚ್‌ಬಿಷಪ್ಪನದೆಂದು ವಿದ್ವಾಂಸರು ಹೇಳುತ್ತಾರೆ. ಅಧ್ಯಾಯ ಮುಗಿಯಿತೆಂದು ಪುಸ್ತಕವನ್ನು ಮುಚ್ಚಿದ ಧಣಿಗೆ ತನ್ನ ಪಾಲಿನ ಆಜ್ಞೆಯು ಕಿವಿಗೆ ಬೀಳದೆಯೇ ಹೋದರೆ ಆಶ್ಚರ್ಯವೇನು! ಯಾಕೋಬನ ಪತ್ರಿಕೆಯಾದರೋ ಇನ್ನೂ ನಿಷ್ಠುರವಾದುದು. ಹೊಲ ಕೊಯ್ದವರಿಗೆ ಕೊಡದೆ ಹಿಡಿದಿಟ್ಟ ಕೂಲಿಯೇ ಮೊರೆಯಿಡುತ್ತದೆಂದು ಅದು ಐಶ್ವರ್ಯವಂತರನ್ನು ಎಚ್ಚರಿಸುತ್ತದೆ.

ಹೀಗಿರುವುದರಿಂದ, ನಿತ್ಯಜೀವನದಲ್ಲಿ ಶ್ರದ್ಧೆಯ ಪರೀಕ್ಷೆಯು ಅಧಿಕಾರವುಳ್ಳವನಿಂದಲೇ ಮೊದಲಾಗಬೇಕೆಂಬುದು ನನ್ನ ಅಭಿಪ್ರಾಯ. ಸಬ್ಬತ್ತಿನ ಆಜ್ಞೆಯು ವಿಶ್ರಾಂತಿಯನ್ನು ಮನೆಯೊಡೆಯನೊಬ್ಬನಿಗೆ ವಿಧಿಸಲಿಲ್ಲ. ದಾಸದಾಸಿಯರನ್ನೂ ದನಕರುಗಳನ್ನೂ ಅದು ಹೆಸರಿಸಿಯೇ ಸೇರಿಸಿಕೊಂಡಿದೆ. ಆರಾಧನೆ ಮುಗಿಸಿ ಮನೆಗೆ ಬರುವವರಿಗಾಗಿ ಭಾನುವಾರದ ಭೋಜನವನ್ನು ಬೇಯಿಸುತ್ತಿರುವ ಹೆಂಗಸಿಗೆ ವಾರದ ಯಾವ ದಿನ ಬಿಡುವು? ಸಭೆಯು ನಡೆಸುವ ಶಾಲೆಯ ಜಾಡಮಾಲಿಗೆ, ಆಸ್ಪತ್ರೆಯ ಆಯಾಳಿಗೆ, ಸಂಬಳವು ತಿಂಗಳ ಯಾವ ತಾರೀಕಿಗೆ ಕೈಸೇರುತ್ತದೆ? ಸಭೆಗಳ ವಾರ್ಷಿಕ ವರದಿಯಲ್ಲಿ ಕಟ್ಟಡದ ನಿಧಿಯನ್ನೂ ಬೆಳೆಹಬ್ಬದ ಕಾಣಿಕೆಯನ್ನೂ ಪೈಸೆ ಬಿಡದೆ ಓದಿಹೇಳುವ ಸಂಪ್ರದಾಯವಿದೆಯಷ್ಟೆ. ಈ ಎರಡು ಪ್ರಶ್ನೆಗಳ ಉತ್ತರವನ್ನೂ ಅದೇ ವರದಿಯಲ್ಲಿ, ಅದೇ ಧ್ವನಿಯಲ್ಲಿ, ಆ ಜಾಡಮಾಲಿಯೂ ಆಯಾಳೂ ಕುಳಿತಿರುವಾಗಲೇ ಓದತಕ್ಕದ್ದು.