ಆರ್ಗನ್ ಮಷೀನ್ ಕೊಳ್ಳುವ ಮುನ್ನ ಮೀಟರ್ ಬೋರ್ಡು ನೋಡಬೇಕು

ವರ್ಕ್‌ಶಾಪುಗಳ ಮಾತಿನಲ್ಲಿ ಟಿಗ್ ವೆಲ್ಡಿಂಗಿಗೆ ‘ಆರ್ಗನ್’ ಎಂದೇ ಹೆಸರು. ಹೋಟೆಲಿನ ಸಿಂಕು, ಸ್ಟೀಲ್ ಟೇಬಲ್ಲು, ಇಡ್ಲಿ ಸ್ಟೀಮರ್, ಹಾಲಿನ ಟ್ಯಾಂಕು, ಮೆಟ್ಟಿಲಿನ ರೇಲಿಂಗು ಎಲ್ಲವೂ ಆರ್ಗನ್ನಿನಲ್ಲೇ ಬೆಸುಗೆಯಾಗುತ್ತವೆ. ತುರ್ಭೆಯಂಥ ಕಡೆ ಒಂದು ಪುಟ್ಟ ವರ್ಕ್‌ಶಾಪು ನಾಲ್ಕು ಕಾಸು ಕಂಡ ಕೂಡಲೇ ಮಾಲೀಕನಿಗೆ ಬರುವ ಮೊದಲ ಆಸೆ ದೊಡ್ಡ ಮಷೀನಿನದು. ಈಗಿರುವುದು 200 ಆಂಪಿಯರ್, ಇನ್ನು 300ರದು ಬೇಕು. ಆಸೆಯಲ್ಲಿ ತಪ್ಪಿಲ್ಲ. ಆದರೆ ಶೆಡ್ಡಿಗೆ ಬಂದಿರುವ ಕರೆಂಟು ಸಿಂಗಲ್ ಫೇಸಿನದಾದರೆ, ಕೊಂಡ 300 ಆಂಪಿಯರ್ ಮಷೀನು ಬೋರ್ಡಿನ ಮೇಲಷ್ಟೇ 300 ಆಗಿರುತ್ತದೆ. ಅದರ ನಿಜವಾದ ಶಕ್ತಿ ಎಷ್ಟು ಎಂಬುದನ್ನು ತೀರ್ಮಾನಿಸುವುದು ಗೋಡೆಯ ಮೇಲಿನ ಮೀಟರು. ಸಾಲ ಮಾಡಿ ಮಷೀನು ತಂದ ಮೇಲೆ ಈ ಮಾತು ಗೊತ್ತಾದರೆ ಅದರಿಂದ ಪ್ರಯೋಜನವಿಲ್ಲ.

ತುರ್ಭೆ ಇರುವುದು ಠಾಣೆ–ಬೇಲಾಪುರ ರಸ್ತೆಯುದ್ದಕ್ಕೂ ಚಾಚಿಕೊಂಡಿರುವ ಟಿಟಿಸಿ ಕೈಗಾರಿಕಾ ಪ್ರದೇಶದಲ್ಲಿ. ಮಹಾರಾಷ್ಟ್ರ ಸರ್ಕಾರ 1962ರಲ್ಲಿ ಕಟ್ಟಿದ ಎಂಐಡಿಸಿ ಇಲ್ಲಿ ದೊಡ್ಡ ಕಾರ್ಖಾನೆಗಳಿಗೆ ಜಾಗ ಕೊಟ್ಟಿತು. ಅವುಗಳ ನೆರಳಿನಲ್ಲಿ ಒಂದೆರಡು ಕೋಣೆಯ ಸಣ್ಣ ಘಟಕಗಳು ಬೆಳೆದವು. ಮುಂಬೈ ಸೀಮೆಯಲ್ಲಿ ಇಂಥ ಕೋಣೆಗೆ ‘ಗಾಲಾ’ ಎನ್ನುತ್ತಾರೆ. ಪಕ್ಕದಲ್ಲೇ ಎಪಿಎಂಸಿಯ ಸಗಟು ಮಾರುಕಟ್ಟೆ. ವಾಶಿಯಿಂದ ಠಾಣೆ, ಡೊಂಬಿವಲಿ, ಕಲ್ಯಾಣದವರೆಗೆ ಸಾಲುಸಾಲು ಹೋಟೆಲುಗಳು, ಅವುಗಳಲ್ಲಿ ಕರಾವಳಿ ಕನ್ನಡಿಗರವೂ ಸಾಕಷ್ಟು. ಅಡುಗೆಮನೆಯ ಸಾಮಾನು ಮಾಡುವವನಿಗೆ ಇಲ್ಲಿ ಕೆಲಸಕ್ಕೆ ಬರವಿಲ್ಲ. ಆದರೆ ಆ ಕೆಲಸ ಎಂಥದು ಎಂಬುದನ್ನು ಮೊದಲು ನೋಡಬೇಕು.

ಸಿಂಕು, ಟೇಬಲ್ಲು, ಸ್ಟೀಮರುಗಳಿಗೆ ಬಳಸುವ ಸ್ಟೇನ್‌ಲೆಸ್ ತಗಡು ಹೆಚ್ಚಾಗಿ 1ರಿಂದ 2 ಮಿ.ಮೀ. ದಪ್ಪದ್ದು, ಕಾಲುಗಳಿಗೆ, ಚೌಕಟ್ಟಿಗೆ 3 ಮಿ.ಮೀ. ಉಕ್ಕಿನ ಪ್ರತಿ ಮಿಲಿಮೀಟರಿಗೆ ಸುಮಾರು 40 ಆಂಪಿಯರ್ ಎಂಬುದು ವೆಲ್ಡರುಗಳ ಹಳೆಯ ಅಂದಾಜು. ಸ್ಟೇನ್‌ಲೆಸ್ಸಿಗೆ ಅದಕ್ಕಿಂತ ಸ್ವಲ್ಪ ಕಡಿಮೆಯೇ ಸಾಕು. ಹಾಗಾದರೆ ಒಂದೂವರೆ ಮಿ.ಮೀ. ತಗಡಿಗೆ 50ರಿಂದ 60, ಮೂರು ಮಿ.ಮೀ.ಗೆ 100ರಿಂದ 120 ಆಂಪಿಯರ್. ಆರು ಮಿ.ಮೀ. ಪಟ್ಟಿ ಬಂದರೂ ಅಂಚನ್ನು ಗ್ರೈಂಡರಿನಲ್ಲಿ ಇಳಿಜಾರು ಮಾಡಿ ಎರಡು ಮೂರು ಸಲ ಹಾಯಿಸಿದರೆ 150ರಲ್ಲಿ ಕೆಲಸ ಮುಗಿಯುತ್ತದೆ. 300 ಆಂಪಿಯರ್ ಈ ಲೆಕ್ಕದಲ್ಲಿ ಎಲ್ಲೂ ಬರುವುದಿಲ್ಲ.

ಸ್ಟೇನ್‌ಲೆಸ್ಸಿನಲ್ಲಿ ಶಾಖ ಹೆಚ್ಚಾದರೆ ಲಾಭಕ್ಕಿಂತ ನಷ್ಟವೇ ಹೆಚ್ಚು. ತಗಡು ಸೊಟ್ಟಗಾಗುತ್ತದೆ, ಬೆಸುಗೆ ಕಪ್ಪಾಗುತ್ತದೆ. 304 ದರ್ಜೆಯ ಸ್ಟೀಲು 450ರಿಂದ 850 ಡಿಗ್ರಿ ಸೆಲ್ಸಿಯಸ್ ನಡುವೆ ಹೆಚ್ಚು ಹೊತ್ತು ಉಳಿದರೆ ಅದರ ಕ್ರೋಮಿಯಂ ಇಂಗಾಲದ ಜತೆ ಸೇರಿಕೊಂಡು ಬೆಸುಗೆಯ ಪಕ್ಕದ ಜಾಗ ತುಕ್ಕಿಗೆ ಬಲಿಯಾಗುತ್ತದೆ. ಆರು ತಿಂಗಳಲ್ಲಿ ತುಕ್ಕು ಹಿಡಿದ ಸಿಂಕನ್ನು ಹೋಟೆಲಿನವರು ವಾಪಸು ತಂದಿಟ್ಟರೆ ಮಷೀನು ಎಷ್ಟು ಆಂಪಿಯರಿನದೆಂದು ಯಾರೂ ಕೇಳುವುದಿಲ್ಲ. 1940ರ ದಶಕದ ಆರಂಭದಲ್ಲಿ ಅಮೆರಿಕದ ನಾರ್ತ್‌ರಪ್ ವಿಮಾನ ಕಾರ್ಖಾನೆಯಲ್ಲಿ ರಸೆಲ್ ಮೆರೆಡಿತ್ ಈ ವಿಧಾನವನ್ನು ರೂಪಿಸಿದ್ದೂ ಮೆಗ್ನೀಸಿಯಂನಂಥ ಹಗುರ ಲೋಹವನ್ನು ಸುಡದೆ ಬೆಸೆಯಲಿಕ್ಕೆ. ಶಾಖವನ್ನು ಹತೋಟಿಯಲ್ಲಿಡುವುದೇ ಟಿಗ್‌ನ ಹುಟ್ಟುಗುಣ.

ಹಾಗಿದ್ದರೆ ದೊಡ್ಡ ಮಷೀನು ಯಾರಿಗೆ ಬೇಕು? ಅಲ್ಯೂಮಿನಿಯಂ ಮಾಡುವವರಿಗೆ. ಅಲ್ಯೂಮಿನಿಯಂ ಶಾಖವನ್ನು ಸ್ಟೇನ್‌ಲೆಸ್ಸಿಗಿಂತ ಹತ್ತು ಪಟ್ಟಿಗೂ ಹೆಚ್ಚು ವೇಗವಾಗಿ ತನ್ನೊಳಗೆ ಹರಡಿಬಿಡುತ್ತದೆ. ಲೋಹ ಕರಗುವುದು 660 ಡಿಗ್ರಿಗೆ. ಅದರ ಮೇಲಿನ ಆಕ್ಸೈಡ್ ಪದರ ಕರಗಲು 2000 ಡಿಗ್ರಿ ದಾಟಬೇಕು. ಆ ಪದರವನ್ನು ಕೀಳಲು ಎಸಿ ಕರೆಂಟು ಬೇಕು, ಆರು ಮಿ.ಮೀ. ದಪ್ಪಕ್ಕೆ 220ರಿಂದ 280 ಆಂಪಿಯರ್ ಕೂಡ ಬೇಕಾಗಬಹುದು. ಲಾರಿಯ ಟ್ಯಾಂಕು, ದಪ್ಪನೆಯ ಎರಕದ ಭಾಗ, ಗೇರ್‌ಬಾಕ್ಸಿನ ಮೈ ರಿಪೇರಿಯೇ ದಿನನಿತ್ಯದ ಕೆಲಸವಾದವನ ಆಸೆಗೆ ಅರ್ಥವಿದೆ. ತಗಡಿನ ಕೆಲಸದವನು ಮಾತ್ರ ಅದೇ ಆಸೆಗೆ ಬೀಳುವ ಮುನ್ನ ಕಳೆದ ಒಂದು ವರ್ಷದ ಬಿಲ್ ಪುಸ್ತಕ ತಿರುವಿ ಹಾಕಬೇಕು. ದಪ್ಪ ಅಲ್ಯೂಮಿನಿಯಂ ಎಷ್ಟು ಸಲ ಬಂತು ಎಂಬ ಲೆಕ್ಕ ಅಲ್ಲೇ ಇರುತ್ತದೆ.

ಇನ್ನು ಕರೆಂಟಿನ ಲೆಕ್ಕ. ಅಂತರರಾಷ್ಟ್ರೀಯ ಮಾನದಂಡದ ಪ್ರಕಾರ ಟಿಗ್ ಜ್ವಾಲೆಯ ವೋಲ್ಟೇಜು ಅಂದಾಜು ಮಾಡುವ ಸೂತ್ರ ಸರಳ: ಆಂಪಿಯರನ್ನು 0.04ರಿಂದ ಗುಣಿಸಿ 10 ಕೂಡಿಸುವುದು. 200 ಆಂಪಿಯರಿಗೆ 18 ವೋಲ್ಟ್, ಅಂದರೆ 3.6 ಕಿಲೋವ್ಯಾಟ್. ಮಷೀನಿನ ದಕ್ಷತೆ 85 ಶೇಕಡಾ, ಪವರ್ ಫ್ಯಾಕ್ಟರ್ 0.7 ಎಂದಿಟ್ಟುಕೊಂಡರೆ 230 ವೋಲ್ಟಿನ ಸಿಂಗಲ್ ಫೇಸಿನಿಂದ ಅದು ಎಳೆಯುವುದು ಸುಮಾರು 26 ಆಂಪಿಯರ್. 250ಕ್ಕೆ ಇದು ಸುಮಾರು 37, 300ಕ್ಕೆ 48. ಮಹಾರಾಷ್ಟ್ರದಲ್ಲಿ ಸಿಂಗಲ್ ಫೇಸ್ ಸಂಪರ್ಕ ಸಾಮಾನ್ಯವಾಗಿ 40 ಆಂಪಿಯರ್‌ವರೆಗಿನದು. ಅದೇ ಮೀಟರಿನ ಮೇಲೆ ಗ್ರೈಂಡರು, ಕಟರು, ಕಂಪ್ರೆಸರು, ಫ್ಯಾನು, ದೀಪ ಎಲ್ಲವೂ ಇವೆ. 300ರ ಮಷೀನನ್ನು ಪೂರ್ತಿ ತಿರುಗಿಸಲು ಅಲ್ಲಿ ಜಾಗವೇ ಇಲ್ಲ. ಅದೇ ಮಷೀನಿನಲ್ಲಿ ಸಾಮಾನ್ಯ ರಾಡ್ ವೆಲ್ಡಿಂಗ್ ಮಾಡಿದರೆ ವೋಲ್ಟೇಜು ಇನ್ನೂ ಹೆಚ್ಚು. ಬರೀ 200 ಆಂಪಿಯರಿಗೇ ಮೀಟರಿನಿಂದ 40 ದಾಟುತ್ತದೆ.

ಹೀಗೆ ಎಳೆದಾಗ ಎಂಸಿಬಿ ಬೀಳುತ್ತದೆ. ಆಗ ಆಗುವ ಕೆಲಸವೇ ಅಪಾಯದ್ದು. ತಂತಿ ಹಳೆಯದೇ ಇರುತ್ತದೆ, ಎಂಸಿಬಿ ಮಾತ್ರ ದೊಡ್ಡದು ಬರುತ್ತದೆ. ಎಂಸಿಬಿ ಇರುವುದು ಗೋಡೆಯೊಳಗಿನ ತಂತಿಯನ್ನು ಕಾಯುವುದಕ್ಕೆ. ತಂತಿಗಿಂತ ಅದು ದೊಡ್ಡದಾದರೆ ಕಾಯುವವರು ಯಾರೂ ಉಳಿಯುವುದಿಲ್ಲ. ಪಕ್ಕದ ಗೋಡೆಯಾಚೆ ಥಿನ್ನರು, ಪ್ಲಾಸ್ಟಿಕ್ಕು, ರಟ್ಟಿನ ಪೆಟ್ಟಿಗೆ ತುಂಬಿದ ಗಾಲಾ ಇರಬಹುದು. ಇದರ ಜತೆಗೆ ಮಂಜೂರಾದ ಲೋಡಿಗಿಂತ ಹೆಚ್ಚು ಎಳೆದರೆ 2003ರ ವಿದ್ಯುತ್ ಕಾಯ್ದೆಯ 126ನೇ ಕಲಮಿನಡಿ ಎರಡು ಪಟ್ಟು ದರ ಹಾಕಲು ಅವಕಾಶವಿದೆ. ಉಳಿತಾಯ ಎಂದುಕೊಂಡದ್ದು ದಂಡವಾಗಿ ಬರುತ್ತದೆ.

ತಂತಿಯ ಮಾತು ಬಂದಿತಲ್ಲ, ಅದನ್ನೂ ಲೆಕ್ಕ ಹಾಕಿ ನೋಡಬಹುದು. 30 ಮೀಟರ್ ಉದ್ದದ 2.5 ಚದರ ಮಿ.ಮೀ. ತಾಮ್ರದ ವೈರಿನಲ್ಲಿ 26 ಆಂಪಿಯರ್ ಹರಿದರೆ ಹೋಗಿ ಬರುವ ದಾರಿಯಲ್ಲಿ 11 ವೋಲ್ಟಿಗೂ ಹೆಚ್ಚು ಕಳೆದುಹೋಗುತ್ತದೆ. ಸುಮಾರು 300 ವ್ಯಾಟ್ ಬರೀ ವೈರನ್ನು ಬಿಸಿ ಮಾಡಲು ಖರ್ಚು. ಅದೇ ಉದ್ದಕ್ಕೆ 6 ಚದರ ಮಿ.ಮೀ. ವೈರು ಹಾಕಿದರೆ ನಷ್ಟ 5 ವೋಲ್ಟಿನೊಳಗೆ ನಿಲ್ಲುತ್ತದೆ. ‘ಮಷೀನಿಗೆ ಶಕ್ತಿಯಿಲ್ಲ’ ಎಂಬ ಎಷ್ಟೋ ದೂರುಗಳ ಬೇರು ಇಂಥ ವೈರಿನಲ್ಲಿ, ಸಡಿಲ ಅರ್ತ್ ಕ್ಲಾಂಪಿನಲ್ಲಿ ಇರುತ್ತದೆ. ಹೊಸ ಮಷೀನಿಗೆ ಮುಂಗಡ ಕೊಡುವ ಮುನ್ನ ಹಳೆಯದಕ್ಕೆ ಒಳ್ಳೆಯ ವೈರು ಹಾಕಿ ಒಂದು ವಾರ ನೋಡುವುದು ಅಗ್ಗದ ಪರೀಕ್ಷೆ.

ಇಷ್ಟಾದ ಮೇಲೂ ಹೊಸದು ಬೇಕೇ ಬೇಕೆಂದಾದರೆ ಆಂಪಿಯರಿಗಿಂತ ಮೊದಲು ಎರಡು ಸಂಗತಿ ಕೇಳಬೇಕು. ಒಂದು, ಪವರ್ ಫ್ಯಾಕ್ಟರನ್ನು ಸರಿಪಡಿಸುವ ಸರ್ಕ್ಯೂಟು, ಅಂದರೆ ಪಿಎಫ್‌ಸಿ, ಇದೆಯೇ? ಅದಿದ್ದರೆ ಪವರ್ ಫ್ಯಾಕ್ಟರ್ ಒಂದರ ಹತ್ತಿರಕ್ಕೆ ಬರುತ್ತದೆ. 200 ಆಂಪಿಯರ್ ಬೆಸುಗೆಗೆ ಮೀಟರಿನಿಂದ 26ರ ಬದಲು 19 ಆಂಪಿಯರ್ ಸಾಕಾಗುತ್ತದೆ. ಸಿಂಗಲ್ ಫೇಸಿನವನಿಗೆ ಇದಕ್ಕಿಂತ ದೊಡ್ಡ ಉಪಕಾರವಿಲ್ಲ. ಎರಡು, ಡ್ಯೂಟಿ ಸೈಕಲ್ ಎಷ್ಟು, ಎಷ್ಟು ಸೆಖೆಯಲ್ಲಿ ಅಳೆದದ್ದು? ಹತ್ತು ನಿಮಿಷದಲ್ಲಿ ಎಷ್ಟು ನಿಮಿಷ ನಿಲ್ಲಿಸದೆ ಬೆಸೆಯಬಹುದು ಎಂಬುದೇ ಡ್ಯೂಟಿ ಸೈಕಲ್. ಮಾನದಂಡ ಹೇಳುವುದು 40 ಡಿಗ್ರಿಯಲ್ಲಿ ಅಳೆಯಬೇಕೆಂದು. ತಗಡು ಹೊದಿಸಿದ ಗಾಲಾದೊಳಗಿನ ಮೇ ತಿಂಗಳಿಗೆ ಆ 40 ಹತ್ತಿರದ ಮಾತು. 200 ಆಂಪಿಯರ್ 35 ಶೇಕಡಾ ಎಂದು ಬರೆದಿರುವ ಮಷೀನು ನಿಲ್ಲದೆ ಕೆಲಸ ಮಾಡಬಲ್ಲದ್ದು ಸುಮಾರು 118 ಆಂಪಿಯರಿನಲ್ಲಿ. 60 ಶೇಕಡಾ ಎಂದಿದ್ದರೆ 155ರಲ್ಲಿ. ಎರಡರ ಮೈಮೇಲೂ 200 ಎಂದೇ ದಪ್ಪಕ್ಷರದಲ್ಲಿ ಇರುತ್ತದೆ. ತೆಳು ತಗಡಿನ ಕೆಲಸವಿರುವವನು ಮೂರನೆಯದೊಂದನ್ನೂ ನೋಡಬೇಕು: 10 ಆಂಪಿಯರಿನಲ್ಲಿ ಜ್ವಾಲೆ ಅಲುಗದೆ ನಿಲ್ಲುತ್ತದೆಯೇ?

ಮಷೀನು ಒಂಟಿಯಾಗಿ ಬರುವುದೂ ಇಲ್ಲ. ಗಾಳಿಯಲ್ಲೇ ತಣಿಯುವ ಚಿಕ್ಕ ಟಾರ್ಚು 150 ಆಂಪಿಯರಿಗೆ, ಅದರ ದೊಡ್ಡಣ್ಣ 200ಕ್ಕೆ ನಿಲ್ಲುತ್ತದೆ. ಅದಕ್ಕಿಂತ ಮೇಲೆ ಹೊತ್ತುಗಟ್ಟಲೆ ಕೆಲಸವೆಂದರೆ ನೀರು ಹರಿಯುವ ಟಾರ್ಚು, ಅದಕ್ಕೊಂದು ಕೂಲರು, ದಪ್ಪ ಟಂಗ್‌ಸ್ಟನ್, ಹೆಚ್ಚು ಗ್ಯಾಸು. ಕೂಲರೂ ಅದೇ ಮೀಟರಿನಿಂದಲೇ ಕರೆಂಟು ತಿನ್ನುತ್ತದೆ.

ದೊಡ್ಡ ಮಷೀನಿನ ಪರವಾಗಿ ಹೇಳುವ ಮಾತುಗಳಲ್ಲಿ ಒಂದು ನಿಜ. 250ರ ಮಷೀನನ್ನು 130ರಲ್ಲಿ ಓಡಿಸಿದರೆ ಅದು ತಣ್ಣಗಿರುತ್ತದೆ, ಹೆಚ್ಚು ಬಾಳುತ್ತದೆ. ಆದ್ದರಿಂದ ಒಂದು ಮೆಟ್ಟಿಲು ಮೇಲಿನದು ಕೊಳ್ಳುವುದು ಬುದ್ಧಿವಂತಿಕೆಯೇ. ಪಿಎಫ್‌ಸಿ ಇರುವ, 60 ಶೇಕಡಾ ಡ್ಯೂಟಿಯ, 200–250 ಆಂಪಿಯರಿನ ಎಸಿ/ಡಿಸಿ ಮಷೀನು ಸಿಂಗಲ್ ಫೇಸ್ ಗಾಲಾಕ್ಕೆ ಒಪ್ಪುವ ಮಿತಿ. ಎರಡನೆಯ ವಾದ ‘ನಾಳೆ ದೊಡ್ಡ ಆರ್ಡರು ಬಂದರೆ?’ ಎಂಬುದು. ಇದಕ್ಕೆ ಉತ್ತರ ತುರ್ಭೆಯಲ್ಲೇ ಇದೆ. ಇಂಥ ಕೈಗಾರಿಕಾ ಪ್ರದೇಶದಲ್ಲಿ ತ್ರೀ ಫೇಸ್ ಇರುವ, ದೊಡ್ಡ ಮಷೀನಿರುವ ಇನ್ನೊಂದು ವರ್ಕ್‌ಶಾಪು ದೂರವಿರುವುದಿಲ್ಲ. ವರ್ಷಕ್ಕೆ ಎರಡು ಸಲ ಬರುವ ದಪ್ಪ ಅಲ್ಯೂಮಿನಿಯಂ ಕೆಲಸವನ್ನು ಅಲ್ಲಿ ಕೂಲಿ ಕೊಟ್ಟು ಮಾಡಿಸಿದರೆ ಗಿರಾಕಿ ಕೈಬಿಡುವುದಿಲ್ಲ, ಸಾಲದ ಕಂತೂ ಇರುವುದಿಲ್ಲ.

ಎರಡು ಸಲದ್ದು ತಿಂಗಳಿಗೆ ಹತ್ತು ಸಲವಾದಾಗ ಕೊಳ್ಳಬೇಕಾದದ್ದು ತ್ರೀ ಫೇಸ್ ಸಂಪರ್ಕ. ಮಷೀನು ಅದರ ನಂತರ. ಕಾಲು ಹೆಚ್ಚು ಚಾಚಬೇಕೆಂದರೆ ಮೊದಲು ಹಾಸಿಗೆ ಉದ್ದ ಮಾಡಿಸಬೇಕು. 48 ಆಂಪಿಯರ್ ಎಳೆಯುತ್ತಿದ್ದ ಅದೇ 300ರ ಬೆಸುಗೆ ತ್ರೀ ಫೇಸಿನಲ್ಲಿ ಪ್ರತಿ ತಂತಿಯಿಂದ 16ರ ಆಸುಪಾಸು ಕೇಳುತ್ತದೆ. ಅಡ್ಡಿ ಇರುವುದು ಬೇರೆ ಕಡೆ. ಬಾಡಿಗೆ ಗಾಲಾದಲ್ಲಿ ಮೀಟರು ಜಾಗದ ಮಾಲೀಕರ ಹೆಸರಿನಲ್ಲಿರುತ್ತದೆ. ಅವರ ಒಪ್ಪಿಗೆ, ಡಿಪಾಸಿಟ್ಟು, ವೈರಿಂಗಿನ ಖರ್ಚು, ಕಚೇರಿಗೆ ಓಡಾಟ. ಹನ್ನೊಂದು ತಿಂಗಳ ಕರಾರಿನ ಬಾಡಿಗೆದಾರ ಇಷ್ಟೆಲ್ಲ ಖರ್ಚು ಮಾಡಲು ಹಿಂದೇಟು ಹಾಕುವುದು ಸಹಜ. ಅಂಗಡಿಗೆ ಹೋಗಿ ಮಷೀನು ಹೊತ್ತು ತರುವುದು ಅರ್ಧ ದಿನದ ಕೆಲಸ, ಕಂತಿನ ಮೇಲೆ ಅದು ಸಿಗುತ್ತದೆ ಕೂಡ. ಸುಲಭವಾದದ್ದನ್ನು ಮೊದಲು ಮಾಡಿ, ಬೇಕಾದದ್ದನ್ನು ಬಿಟ್ಟುಬಿಡುವುದು ಹೀಗೆ. ಬಾಡಿಗೆ ಮಾತಾಡುವಾಗಲೇ ತ್ರೀ ಫೇಸಿನ ಖರ್ಚು ಯಾರದು, ಬಿಟ್ಟು ಹೋಗುವಾಗ ಅದನ್ನು ಹೇಗೆ ಮುರಿದುಕೊಳ್ಳುವುದು ಎಂದು ಕರಾರಿನಲ್ಲಿ ಬರೆಸಿಕೊಳ್ಳುವುದು ಇಬ್ಬರಿಗೂ ಒಳ್ಳೆಯದು. ತ್ರೀ ಫೇಸ್ ಬಂದ ಗಾಲಾಕ್ಕೆ ಮುಂದಿನ ಬಾಡಿಗೆಯೂ ಹೆಚ್ಚು ಕೇಳಬಹುದಲ್ಲವೇ?

ಮಾರುವವರ ಮೇಲೂ ಒಂದು ಹೊಣೆಯಿದೆ. ಮಷೀನಿನ ಮುಖದ ಮೇಲೆ 300 ಎಂದು ಬರೆಯುವಷ್ಟೇ ದೊಡ್ಡದಾಗಿ, ಆ 300ಕ್ಕೆ ಗೋಡೆಯಿಂದ ಎಷ್ಟು ಆಂಪಿಯರ್ ಬೇಕು, 40 ಡಿಗ್ರಿಯಲ್ಲಿ ಎಷ್ಟು ನಿಮಿಷ ಓಡುತ್ತದೆ ಎಂಬುದನ್ನೂ ಬರೆಯಬೇಕು. ಎರಡೂ ಅಂಕಿ ಹಿಂಬದಿಯ ಸಣ್ಣ ಫಲಕದಲ್ಲಿ ಇರುತ್ತವೆ. ಅಲ್ಲಿಯವರೆಗೆ ಕೊಳ್ಳುವವನು ಅಂಗಡಿಯಲ್ಲಿ ಮಷೀನನ್ನು ತಿರುಗಿಸಿ ಆ ಫಲಕವನ್ನು ಓದಿ, ಅದರ ಪಕ್ಕದಲ್ಲಿ ತನ್ನ ವಿದ್ಯುತ್ ಬಿಲ್ಲಿನಲ್ಲಿ ನಮೂದಾದ ಮಂಜೂರಾದ ಲೋಡನ್ನು ಇಟ್ಟು ನೋಡಬೇಕು. ಎರಡೂ ಹೊಂದದಿದ್ದರೆ ಮುಂಗಡ ಕೊಡದೆ ಎದ್ದು ಬರುವುದೇ ಒಳ್ಳೆಯದು.